ಶನಿವಾರದ ಸಹಿಗಳು

ಮನೆಯಿಂದ,
ಹನ್ನೆರಡನೇ ತಾರೀಖು, ಗುರುವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನೀನು, ನಿನ್ನ ಹೆಂಡತಿ, ಮಗು ಎಲ್ಲರೂ ದೇವರ ದಯೆಯಿಂದ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಸೊಂಟನೋವು ಹೇಗಿದೆ? ಆ ದೊಡ್ಡ ಆಸ್ಪತ್ರೆಯಲ್ಲಿ ನಿನ್ನನ್ನು ಮೇಲ್ವಿಚಾರಕನನ್ನಾಗಿ ಮಾಡಿದ್ದಾರಂತೆ, ಇನ್ನು ಬಗ್ಗುವ ಕೆಲಸ ಇರಲಾರದು. ಮಗಳಿಗೆ ಹಲ್ಲು ಬಂತಾ? ನಾನು ಪರವಾಗಿಲ್ಲ. ಮಂಡಿ ಆಗಾಗ ಮಾತಾಡುತ್ತದೆ, ನಾನು ಉತ್ತರ ಕೊಡಲು ಹೋಗುವುದಿಲ್ಲ.

ನಮ್ಮ ಆಸ್ಪತ್ರೆಗೆ ಹೊಸ ಆದೇಶ ಬಂದಿದೆ. ಡಿಪ್ಲೊಮಾ ಇಲ್ಲದವರು ಬರುವ ವರ್ಷದಿಂದ ಪ್ಲಾಸ್ಟರ್ ಕೋಣೆಯೊಳಗೆ ಕಾಲಿಡುವಂತಿಲ್ಲ. ಇಪ್ಪತ್ತೆರಡು ವರ್ಷ ಮುರಿದ ಕೈಕಾಲಿಗೆ ಪಟ್ಟಿ ಸುತ್ತಿದ ನಾನು ಇನ್ನು ಹೊದಿಕೆ ಒಗೆಯುವ ಕಡೆಗೆ. ದೊಡ್ಡ ಡಾಕ್ಟರು ಕರೆದು, “ಅಕ್ಕಾ, ಯೂನಿವರ್ಸಿಟಿಯಲ್ಲಿ ಹೊಸ ನಿಯಮ ಬಂದಿದೆ. ಕಾಲೇಜಿಗೆ ಹೋಗದೆ ಕೆಲಸದಲ್ಲೇ ಕಲಿತಿದ್ದಕ್ಕೂ ಕ್ರೆಡಿಟ್ ಕೊಡ್ತಾರೆ. ಅರ್ಧ ಕೋರ್ಸು ನಿಮಗೆ ಹಾಗೇ ಕಳೆಯುತ್ತೆ. ಸೇರಿದ ಚೀಟಿ ತಂದುಕೊಡಿ ಸಾಕು, ಮುಗಿಸೋ ತನಕ ನಿಮ್ಮನ್ನ ಇಲ್ಲೇ ಇಟ್ಕೋತೀನಿ” ಅಂದರು. ಅವರ ಹೊಟ್ಟೆ ತಣ್ಣಗಿರಲಿ. ಇದನ್ನೆಲ್ಲ ನಿನಗೆ ವಿವರಿಸುವ ಅಗತ್ಯವೇ ಇಲ್ಲ ಅಂತ ಆಗ ನನಗೆ ಗೊತ್ತಿರಲಿಲ್ಲ ನೋಡು.

ಹತ್ತನೇ ತರಗತಿಯ ಅಂಕಪಟ್ಟಿ ಹುಡುಕಿದೆ, ಅರ್ಜಿ ತುಂಬಿದೆ. ಹಳ್ಳಿ ಶಾಲೆಯ ಗುಂಡು ಅಕ್ಷರ ಇನ್ನೂ ನನ್ನ ಕೈಬಿಟ್ಟಿಲ್ಲ. ಮೊನ್ನೆ ಸೋಮವಾರ ಕರೆದಿದ್ದರು. ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಉದ್ದ ಮೇಜಿನ ಆಚೆ ಒಬ್ಬರು ಪ್ರೊಫೆಸರಮ್ಮ, ಮೊಬೈಲಿನಿಂದ ತಲೆ ಎತ್ತದ ಒಬ್ಬ ಸಾಹೇಬ, ಕಂಪ್ಯೂಟರಿನ ಮುಂದೆ ಒಬ್ಬ ಗುಮಾಸ್ತ. ಸಾಹೇಬ ತಲೆ ಎತ್ತದೆಯೇ, “ನಿಮ್ಮ ಕಲಿಕೆಯ ಫಲಿತಾಂಶ ಏನು?” ಅಂದ. “ಮೂಳೆ ಕೂಡಿಕೊಳ್ಳೋದು ಸಾರ್” ಅಂದೆ. ಗುಮಾಸ್ತ ನಕ್ಕ. ಪ್ರೊಫೆಸರಮ್ಮ ಮಾತ್ರ ನಗದೆ, ಕೆಲಸದ ವಿಷಯ ಕೇಳಿದರು. ಹೇಳಿದೆ: ಪಟ್ಟಿ ನೀರಲ್ಲಿ ಮುಳುಗಿಸಿ ಗುಳ್ಳೆ ಏಳುವುದು ನಿಂತ ಮೇಲೆಯೇ ಎತ್ತಬೇಕು, ಸುತ್ತುವಾಗ ಎಳೆಯಬಾರದು, ಹಸಿ ಪ್ಲಾಸ್ಟರನ್ನು ಅಂಗೈಯಲ್ಲೇ ಹಿಡಿಯಬೇಕು, ಬೆರಳೂರಿದರೆ ಗುಳಿ ಬಿದ್ದು ಒಳಗೆ ಹುಣ್ಣಾಗುತ್ತದೆ, ಆಮೇಲೆ ಕಾಲ್ಬೆರಳು ಆಡಿಸಿ ನೋಡಬೇಕು, ಉಗುರು ನೀಲಿಗಟ್ಟಿದರೆ ಆ ಕ್ಷಣವೇ ಕತ್ತರಿಸಬೇಕು. ಪ್ರೊಫೆಸರಮ್ಮ ಬರೆದುಕೊಳ್ಳುತ್ತಿದ್ದರು. ನನ್ನ ಮಾತನ್ನು ಒಬ್ಬರು ಬರೆದುಕೊಂಡಿದ್ದು ಅದೇ ಮೊದಲು ಕಣೋ. ದೇವರೇ, ಕೊನೆಗೂ ಕಣ್ಣು ಬಿಟ್ಟೆಯಲ್ಲಪ್ಪ ಅಂದುಕೊಂಡೆ.

ಆಮೇಲೆ ದಾಖಲೆ ಕೇಳಿದರು. ನಮ್ಮ ಪ್ಲಾಸ್ಟರ್ ಕೋಣೆಗೆ ನೀನು ಟೆಕ್ನಿಷಿಯನ್ ಆಗಿ ಬರುವ ಮುಂಚೆ ಇದ್ದವರು ತೀರಿಕೊಂಡರು, ಅವರ ಕಾಲದ ಪುಸ್ತಕಗಳನ್ನು ಇಲಿ ತಿಂದಿವೆ. ಉಳಿದದ್ದು ನೀನಿದ್ದ ಹನ್ನೊಂದು ವರ್ಷದ ಪುಸ್ತಕ. ದೊಡ್ಡ ಡಾಕ್ಟರಿಂದ ಅಪ್ಪಣೆ ಪಡೆದು ಅದರ ನಕಲು ಒಯ್ದಿದ್ದೆ. ರೋಗಿಯ ಹೆಸರು, ಯಾವ ಮೂಳೆ, ಎಷ್ಟು ಪಟ್ಟಿ, ಎಲ್ಲ ನನ್ನ ಅಕ್ಷರ. ‘ಮಾಡಿದವರು’ ಅನ್ನುವ ಕಡೆ ನಿನ್ನ ಸಹಿ. ಆಯಾ ಕೆಲಸದವಳು ನಾನು, ಸಹಿ ಹಾಕುವಂತಿರಲಿಲ್ಲವಲ್ಲ. “ಬರೆದೋರು ನೀವು, ಮಾಡಿದೋರು ಇವರು ಅಂತ ಇದೆಯಲ್ಲಮ್ಮ” ಅಂದ ಗುಮಾಸ್ತ. ಕಂಪ್ಯೂಟರಿನಲ್ಲಿ ಏನನ್ನೋ ಒತ್ತಿದ. “ಮೇಡಂ, ಈ ಪುಸ್ತಕಗಳ ಮೇಲೆ ಹೋದ ವರ್ಷವೇ ಒಬ್ಬರಿಗೆ ಕ್ರೆಡಿಟ್ ಕೊಟ್ಟಾಗಿದೆ. ಇದೇ ನಿಯಮದಲ್ಲಿ, ಪದವಿಗೆ” ಎಂದು ಪರದೆ ತಿರುಗಿಸಿದ. ನಿನ್ನ ಫೋಟೋ. ನಾನೇ ಇಸ್ತ್ರಿ ಮಾಡಿಕೊಟ್ಟ ಬಿಳಿ ಅಂಗಿ.

“ಒಂದು ಕೆಲಸಕ್ಕೆ ಇಬ್ಬರಿಗೆ ಕೊಡೋಕೆ ಬರಲ್ಲಮ್ಮ” ಅಂದರು ಪ್ರೊಫೆಸರಮ್ಮ. ಈ ಸಹಿಯವರು ನಿಮಗೆ ಗೊತ್ತಾ ಎಂದು ಕೇಳಿದರು. “ಗೊತ್ತು” ಅಂದೆ. ನೀನು ನನ್ನ ತಮ್ಮ ಎಂದು ಹೇಳದೆ ನಕಲುಗಳನ್ನು ಚೀಲಕ್ಕೆ ತುಂಬಿಕೊಂಡೆ.

ಪದವಿ ಹೇಗೆ ಸಿಕ್ಕಿತೋ ಅಂತ ನಾನು ಕೇಳಿದ್ದಕ್ಕೆ ನೀನು “ಅಂಚೆಯಲ್ಲಿ ಓದಿದೆ ಅಕ್ಕಾ” ಅಂದಿದ್ದೆ. ನಾನು ನಂಬಿ, ದೇವರ ಮುಂದೆ ದೀಪ ಹಚ್ಚಿದ್ದೆ. ಸೊಂಟನೋವು ಅಂತ ನೀನು ಪ್ಲಾಸ್ಟರ್ ಕೋಣೆಯ ಕಿಟಕಿ ಪಕ್ಕ ಕೂತು ಪರೀಕ್ಷೆಗೆ ಓದುತ್ತಿದ್ದೆ. “ನೀ ಓದ್ಕೋ, ನಾ ನೋಡ್ಕೋತೀನಿ” ಅಂದವಳು ನಾನೇ, ಇಲ್ಲವೆನ್ನುವುದಿಲ್ಲ. ಶನಿವಾರ ಮಧ್ಯಾಹ್ನ ನೀನು ಪುಸ್ತಕ ಎಳೆದುಕೊಂಡು ವಾರದ ಸಹಿಗಳನ್ನೆಲ್ಲ ಒಂದೇ ಉಸಿರಿಗೆ ಗೀಚುತ್ತಿದ್ದೆ. “ಅಕ್ಕಾ, ಈ ವಾರ ನಾನು ಭಾರಿ ಕೆಲಸ ಮಾಡಿದ್ದೀನಿ ಕಣೆ!” ಅಂತ ನೀನು ತಮಾಷೆ ಮಾಡಿದರೆ ಹೊಟ್ಟೆ ಹಿಡಿದುಕೊಂಡು ನಕ್ಕವಳೂ ನಾನೇ. ಆ ನಗುವಿಗೆ ದೇವರು ನನ್ನನ್ನು ಏನು ಕೇಳುತ್ತಾನೋ ಕೇಳಲಿ, ನಾನು ಉತ್ತರ ಕೊಟ್ಟುಕೊಳ್ಳುತ್ತೇನೆ. ಆದರೆ ನೀನು ಮೂರನೇ ಮಹಡಿ ಹತ್ತಿ, ಅದೇ ಮೇಜಿನ ಮುಂದೆ ಕೂತು, ಇದು ನನ್ನ ಕೈಕೆಲಸ ಅಂದೆಯಲ್ಲ, ಆಗ ಒಂದು ಗಳಿಗೆಯಾದರೂ ನಾಲಿಗೆ ತಡವರಿಸಲಿಲ್ಲವೇನೋ? ಹೋಗಲಿ, ಬಂದು ನನಗೊಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಎರಡು ದಿನ ಬೈದು ಮೂರನೇ ದಿನ ಊಟಕ್ಕೆ ಕರೆಯುತ್ತಿದ್ದೆ.

ನಿನ್ನ ಹೆಂಡತಿಗೆ ನನ್ನ ನೆನಪುಗಳು. ಅವಳ ಮುಂದೆ ಈ ಕಾಗದ ಓದಬೇಡ. ಮಗುವಿನ ಕೆನ್ನೆಗೊಂದು ಮುತ್ತು. ನಿನಗೂ ಆಶೀರ್ವಾದ ಇದೆ, ಸಿಟ್ಟಿನ ಜೊತೆಗೇ ಇದೆ. ದೇವರ ಹತ್ತಿರ ನಿನ್ನ ಹೆಸರು ಹೇಳುವುದನ್ನು ಈ ವಾರವೂ ಬಿಟ್ಟಿಲ್ಲ.

ಇಂತಿ,
ನಿನ್ನ ಅಕ್ಕ

ತಾ.ಕ.: ಬರುವ ಸೋಮವಾರ ಹನ್ನೊಂದಕ್ಕೆ ಪ್ರೊಫೆಸರಮ್ಮ ಮತ್ತೆ ಬರಹೇಳಿದ್ದಾರೆ. ಆ ಪಟ್ಟಿಗಳನ್ನು ಸುತ್ತಿದ ಕೈ ಯಾರದು ಎಂದು ನೇರವಾಗಿ ಕೇಳುತ್ತಾರೆ. ನಾನು ಸುಳ್ಳು ಹೇಳುವುದಿಲ್ಲ. ನಿನ್ನ ಕುರ್ಚಿ ಹೋಗಬಹುದು, ಗೊತ್ತು, ಅದಕ್ಕೇ ಮೂರು ದಿನದಿಂದ ನಿದ್ದೆ ಇಲ್ಲ. ನೀನೇ ಮೊದಲು ಬರೆದು ಒಪ್ಪಿಕೊಂಡರೆ ತಪ್ಪು ತಿದ್ದಿಕೊಂಡ ಹಾಗಾಗುತ್ತದೆ, ನಾನು ಬಾಯಿಬಿಟ್ಟರೆ ಅಕ್ಕ ತಮ್ಮನ ಮೇಲೆ ದೂರು ಕೊಟ್ಟ ಹಾಗೆ. ಶನಿವಾರದೊಳಗೆ ನಿನಗೆ ಸಿಗಲೆಂದು ಈ ಕಾಗದವನ್ನು ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ. ಸೋಮವಾರ ನಾನು ಎಂಟರ ಬಸ್ಸಿಗೆ ಹೊರಡುತ್ತೇನೆ.