ಒಂಬತ್ತನೇ ಹಾಳೆ

ಕೊಟ್ಟೂರು

ಸಂಶೋಧಕಿ ಸಮತಾ ಮೇಡಂ ಅವರಿಗೆ ಅಟೆಂಡರ್ ಭೀಮರಾಜನ ನಮಸ್ಕಾರಗಳು.

ನಮ್ಮ ವಿಶ್ವವಿದ್ಯಾಲಯ ಕೇಂದ್ರದ ಸಿಬ್ಬಂದಿ ಚೆನ್ನಾಗಿ ಕೆಲಸ ಮಾಡಲು ಏನು ಬೇಕೆಂದು ಕೇಳಿ ನೀವು ಒಬ್ಬೊಬ್ಬರಿಗೆ ಒಂದರಂತೆ ಕೊಟ್ಟುಹೋದ ಹತ್ತೊಂಬತ್ತು ಹಾಳೆಗಳನ್ನೂ ತುಂಬಿದವನು ನಾನೇ. "ನಿನ್ನ ಅಕ್ಷರ ಚೆಂದ ಅದಾವು, ನೀನೇ ತುಂಬು" ಎಂದು ಸೂಪರಿಂಟೆಂಡೆಂಟ್ ಸಾಹೇಬರು ಎದುರಿಗೇ ಕೂತರು. ಎಲ್ಲದರಲ್ಲೂ ‘ತೊಂದರೆ ಇಲ್ಲ’ ಎಂದು ಗುರುತು ಹಾಕಿದೆ.

ಕಸ ಗುಡಿಸುವ ಮಾಳಮ್ಮನಿಗೆ ಓದು ಬರದು. ಮೂರನೇ ಮಹಡಿಗೆ ನೀರು ಹೊತ್ತು ಮೊಣಕಾಲು ಹೋಗಿವೆ, ಅಲ್ಲೊಂದು ನಲ್ಲಿ ಬೇಕೆಂದು ಬರೆ ಎಂದಿದ್ದಳು. "ಬರದ್ಯೇನಪ್ಪಾ?" ಎಂದು ಕೇಳಿದಾಗ "ಬರ್ದೀನಿ ಬಿಡವ್ವಾ" ಎಂದುಬಿಟ್ಟೆ.

ಅಂದಿನಿಂದ ಅವಳು ಉಜ್ಜಿನಿಯಿಂದ ಮೊದಲ ಬಸ್ಸಿಗೇ ಬರುತ್ತಾಳೆ. ಯಾರೂ ಹೇಳದಿದ್ದರೂ ಕಿಟಕಿ ಒರೆಸುತ್ತಾಳೆ. ಸಾಹೇಬರೂ ಮೆಚ್ಚಿದ್ದಾರೆ. ನನ್ನನ್ನು ಕಂಡರೆ ಸಾಕು, "ಆ ಮೇಡಮ್ಮಾರು ಏನಂದ್ರು?" ಎನ್ನುತ್ತಾಳೆ. ನಾನು ಈಗ ಹಿಂದಿನ ಬಾಗಿಲಿನಿಂದ ಓಡಾಡುತ್ತಿದ್ದೇನೆ.

ಅವಳದು ಒಂಬತ್ತನೇ ಹಾಳೆ. ದಯವಿಟ್ಟು ಅದೊಂದನ್ನು ವಾಪಸ್ ಕಳಿಸಿ, ಅವಳು ಹೇಳಿದಂತೆಯೇ ಬರೆದು ಕೊಡುತ್ತೇನೆ. ಆಫೀಸಿಗೆ ಬೇಡ, ಲಕೋಟೆಯ ಹಿಂದೆ ಬರೆದಿರುವ ನನ್ನ ಮನೆ ವಿಳಾಸಕ್ಕೆ ಕಳಿಸಿ.

ತಡ ಮಾಡಬೇಡಿ ಮೇಡಂ. ನಿನ್ನೆ ಅವಳು ಮೂರನೇ ಮಹಡಿಯ ಗೋಡೆಯಲ್ಲಿ ಒಂದು ಜಾಗವನ್ನಷ್ಟೇ ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ಏಕೆಂದು ಕೇಳಿದೆ.

"ನಲ್ಲಿ ಇಲ್ಲೇ ಬರ್ತೈತಲ್ಲಪ್ಪಾ" ಎಂದಳು.

ನಿಮ್ಮ ಉತ್ತರದ ದಾರಿ ನೋಡುತ್ತಿರುವ,
ಭೀಮರಾಜ