ಪುಕ್ಕಟೆ ಸಿಕ್ಕ ಮೊದಲ ಪ್ಯಾರಾ

ಮಾರ್ಚ್ 3, ಸೋಮವಾರ
ಎಂಟು ಥೀಸಿಸ್ ಬೈಂಡ್ ಆದವು. ಎರಡರ ಗೋಂದು ಇನ್ನೂ ಒಣಗಿಲ್ಲ. ಸೊಂಟ ಬಿದ್ದುಹೋಗಿದೆ. ಮಧ್ಯೆ ಮಧ್ಯೆ ಫೋನಿನಲ್ಲಿ ಅಕ್ಕನ ಕುತ್ತಿಗೆಯ ಗಂಟಿನ ಬಗ್ಗೆ ಹುಡುಕಾಟ. ಹದಿನೆಂಟಕ್ಕೆ ಆಪರೇಷನ್ ಎಂದಿದ್ದಾರೆ ಡಾಕ್ಟರು. ಅಕ್ಕನಿಗೆ ಚಾಕು ಎಂದರೆ ಜೀವ ಬಾಯಿಗೆ ಬರುತ್ತದೆ. "ಓದಿದವರ ಪುಸ್ತಕ ಹೊಲಿಯೋನು ನೀನು, ನೀನೇ ನೋಡಿ ಹೇಳೋ," ಅಂದಳು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನ ಮೇಲೆ ಎಂಥ ನಂಬಿಕೆ!
ಹನ್ನೊಂದು ಲೇಖನ ಸಿಕ್ಕವು. ಹತ್ತಕ್ಕೆ ಬೀಗ, ದುಡ್ಡು ಕಟ್ಟಿದರೇ ತೆರೆಯುವುದು. ಮೊದಲ ಪ್ಯಾರಾ ತೋರಿಸಿ ಬಾಗಿಲು ಹಾಕುತ್ತಾರೆ — ಕೈಗೆ ಬಂದ ತುತ್ತು ಬಾಯಿಗಿಲ್ಲ. ಬೀಗವಿಲ್ಲದ ಹನ್ನೊಂದನೆಯದು ಇಲಿಗಳ ಕುರಿತು.

ಮಾರ್ಚ್ 5
ಬೀಗ ಹಾಕಿದ ಒಂದರ ಮೊದಲ ಪ್ಯಾರಾ, ಅಂದರೆ ಸಾರಾಂಶ, ಸ್ಪಷ್ಟವಾಗಿದೆ. ಫೋನೇ ನಮ್ಮ ಭಾಷೆಗೆ ತಿರುಗಿಸಿಕೊಟ್ಟಿತು: ಸಣ್ಣ ಗಂಟಿಗೆ ಕಾದು ನೋಡಿದರೆ ಸಾಕು, ಆಪರೇಷನ್ ಬೇಡ. ಇಪ್ಪತ್ತೆರಡು ವರ್ಷದಿಂದ ಥೀಸಿಸ್‌ಗಳ ಸಾರಾಂಶದ ಪುಟ ನೋಡಿಯೇ "ಒಳ್ಳೇ ಕೆಲಸ ಸಾರ್" ಎನ್ನುತ್ತ ಬಂದವನು ನಾನು. ಒಳಗಿನ ಪುಟ ಎಣಿಸಿದ್ದೇನೆ, ಓದಿಲ್ಲ.
ಅಕ್ಕನಿಗೆ ಹೇಳಿಬಿಟ್ಟೆ. ಅರ್ಧ ಗಂಟೆಯಲ್ಲಿ ಡೇಟ್ ಕ್ಯಾನ್ಸಲ್ ಮಾಡಿಸಿ ತಿರುಗಿ ಫೋನ್: "ಬದುಕಿಸಿದೆ ಕಣೋ."

ಮಾರ್ಚ್ 10
ಪಿಎಚ್.ಡಿ. ಹುಡುಗಿ ಬೈಂಡಿಂಗಿಗೆ ಬಂದಳು. ನನ್ನ ಸಾಹಸ ಹೇಳಿಕೊಂಡೆ. "ಅಯ್ಯೋ ಅಂಕಲ್, ಸಾರಾಂಶ ಮಾತ್ರನಾ? ಮನೆ ಕೊಳ್ಳೋಕೆ ಹೋಗಿ ಗೇಟ್ ನೋಡ್ಕೊಂಡು ಬಂದಂಗಾಯ್ತು!"
ಲೇಖನದ ಪೂರ್ತಿ ಹೆಸರು ಹಾಕಿ ಹುಡುಕಬೇಕಂತೆ. ಬರೆದವರ ಯೂನಿವರ್ಸಿಟಿಯ ತಾಣದಲ್ಲಿ ಎಷ್ಟೋ ಸಲ ಪುಕ್ಕಟೆ ಇಟ್ಟಿರುತ್ತಾರಂತೆ. ನೋಡಿದೆವು, ಇರಲಿಲ್ಲ. "ಬರೆದವರನ್ನೇ ಕೇಳೋಣ. ಕೊಡ್ತಾರೆ. ಓದೋರೇ ಇಲ್ಲ ಅಂತ ಅವರಿಗೂ ಬೇಜಾರು." ಮೇಲ್ ಅವಳೇ ಟೈಪ್ ಮಾಡಿದಳು.

ಮಾರ್ಚ್ 14, ಬೆಳಿಗ್ಗೆ 10
ಬಂತು. ಇಪ್ಪತ್ತಾರು ಪುಟ. "ನಿಮ್ಮ ಅಕ್ಕ ಬೇಗ ಗುಣವಾಗಲಿ" ಎಂದು ಬರೆದಿದ್ದಾರೆ ಲೇಖನ ಬರೆದ ಡಾಕ್ಟರಮ್ಮ.
ಮೂರನೇ ಪುಟ, ಫೋನ್ ತಿರುಗಿಸಿಕೊಟ್ಟ ಕನ್ನಡದಲ್ಲಿ: ಅರವತ್ತು ದಾಟಿದವರನ್ನು, ಗಂಟು ಬೆಳೆಯುತ್ತಿರುವವರನ್ನು ಈ ಅಧ್ಯಯನಕ್ಕೆ ಸೇರಿಸಿಕೊಂಡಿಲ್ಲ.
ಅಕ್ಕನಿಗೆ ಅರವತ್ತಮೂರು. ಗಂಟು ಆರು ತಿಂಗಳಲ್ಲಿ ದುಪ್ಪಟ್ಟು.
ಮೂರು ಸಲ ಓದಿದೆ. ಅಂಗಡಿಯ ಶಟರ್ ಎಳೆದೆ.

ಅದೇ ದಿನ, 12
ಅಕ್ಕನ ಮನೆ. "ತಪ್ಪಾಯ್ತಕ್ಕ. ಪೂರ್ತಿ ಓದಿರಲಿಲ್ಲ. ಅದು ನಿನ್ನಂಥವರಿಗೆ ಹೇಳಿದ್ದಲ್ಲ." ಬೈದಿದ್ದರೆ ಹಗುರಾಗುತ್ತಿತ್ತು. "ಒಂಬತ್ತು ದಿನ ಚೆನ್ನಾಗಿ ನಿದ್ದೆ ಬಂತು, ಬಿಡು," ಎಂದಳು. ತಡೆದು: "ಹದಿನೆಂಟು ಇನ್ನೂ ಖಾಲಿ ಇದ್ಯಾ ಕೇಳು."
ಆಸ್ಪತ್ರೆಗೆ ಫೋನ್ ಮಾಡಿದೆ, ಹೋಲ್ಡ್‌ನಲ್ಲಿ ಇಟ್ಟಿದ್ದಾರೆ. ಕೈ ಸುಮ್ಮನಿರಲಾರದೆ ಬರೆಯುತ್ತಿದ್ದೇನೆ. ಅಕ್ಕ ಎದುರಿಗೇ, ಕುತ್ತಿಗೆಗೆ ಬೆರಳೊತ್ತಿಕೊಂಡು. ಫೋನಿನ ಸಂಗೀತ ನಿಂತಿತು. ಯಾರೋ ಅಕ್ಕನ ಹೆಸರು ಕೇಳುತ್ತಿದ್ದಾರೆ, ಹದಿನೆಂಟನೇ ತಾರೀಖು ಖಾಲಿ ಇದೆಯೇ ನೋಡುತ್ತೇವೆ ಅನ್ನುತ್ತಿದ್ದಾರೆ—