ಜೋಡಿ ಮೇಲೆ ಹೋದರೆ ನೀನೂ ಮೇಲೆ

ಭಾನುವಾರ, ಊಟ ಆದಮೇಲೆ

ಅತ್ತಿಗೆ,

ಹಾಂ, ಎಲ್ಲಿಗೆ ನಿಲ್ಲಿಸಿದ್ದೆ? ಆಮೆ. ಏರ್‌ಪೋರ್ಟ್ ಬಾಗಿಲಲ್ಲಿ ನಿನ್ನ ತಬ್ಬಿಕೊಂಡು "ಅತ್ತಿಗೆ, ಆ ಆಮೆ ಇತ್ತಲ್ಲ..." ಅಂತ ಶುರು ಮಾಡಿದ್ದೆ. ನೀನು ಬಲಗಿವಿ ನನ್ನ ಕಡೆ ತಿರುಗಿಸಿ "ಏನಂದೆ?" ಅಂದೆ. ಆ ತಿರುಗಿಸಿದ್ದು ನೋಡಿ "ಏನಿಲ್ಲ, ಹುಷಾರು" ಅಂದು ಒಳಗೆ ಓಡಿಬಿಟ್ಟೆ. ಆವತ್ತು ಅರ್ಧಕ್ಕೆ ಬಿಟ್ಟಿದ್ದನ್ನ ಈಗ ಮುಂದುವರಿಸ್ತೀನಿ.

ಇಷ್ಟು ದಿನ ಬರೀಲಿಲ್ಲ ಅಂತ ಬೈಕೋಬೇಡ. ನಿನ್ನ ಪ್ರತಿ ಮೆಸೇಜಿಗೂ ಒಂದು ಹಾರ್ಟ್ ಒತ್ತಿ ತಪ್ಪಿಸ್ಕೊಂಡೆ, ಗೊತ್ತು. ಚಾಟಲ್ಲಿ ಉದ್ದುದ್ದ ಟೈಪ್ ಮಾಡ್ತೀನಿ, ಕಳಿಸೋ ಹೊತ್ತಿಗೆ ಬೆರಳು ತಾನಾಗೇ ಅಳಿಸಿಹಾಕುತ್ತೆ. ವಾಯ್ಸ್ ನೋಟ್ ಕಳಿಸೋಣ ಅಂದ್ರೆ ಯಾವ ಮುಖ ಇಟ್ಕೊಂಡು ನಿನ್ನ ಕಿವಿಗೆ ಕಳಿಸ್ಲಿ? ಅದಕ್ಕೇ ಪೆನ್ನು ಹಿಡಿದಿದ್ದೀನಿ. ಅಕ್ಷರ ಕೋಳಿ ಕೆದರಿದ ಹಾಗಿದೆ, ಸಹಿಸ್ಕೋ. ನಾಳೆ ಅಣ್ಣ ನಿನ್ನ ಹತ್ರ ಹೊರಡ್ತಾನಲ್ಲ, ಅವನ ಬ್ಯಾಗಲ್ಲಿ ಇಡ್ತೀನಿ. ಕವರಿಗೆ ಅರ್ಧ ಡಬ್ಬಿ ಗೋಂದು ಸುರೀತೀನಿ. ನಿನ್ನ ಗಂಡ ಇಣುಕಿ ನೋಡೋ ಆಸಾಮಿ.

ಕಿವಿ ಹೇಗಿದೆ? ಒಳಗೆ ಗುಂಯ್ ಅನ್ನೋದು ಕಮ್ಮಿ ಆಯ್ತಾ? ಕಿವಿ ತಮಟೆಯ ತೂತು ಮುಚ್ಚೋವರೆಗೂ ವಿಮಾನ ಹತ್ತಬೇಡಿ ಅಂದ ಡಾಕ್ಟರು ಮತ್ತೆ ಏನಂದ್ರು? ಡೈವಿಂಗ್ ಅಂಗಡಿ ಮೇಲಿನ ಆ ರೂಮು, ಕಿಟಕಿ ಹೊರಗೆ ನೇತು ಹಾಕಿರೋ ರಬ್ಬರ್ ಸೂಟುಗಳು, ತೊಟ್ಟಿಕ್ಕೋ ನೀರು. ಅದರ ಮಧ್ಯ ನಿನ್ನ ಒಬ್ಬಳನ್ನೇ ಬಿಟ್ಟು ಬಂದೆ. "ಪ್ರಾಕ್ಟಿಕಲ್ಸ್ ಇದೆ, ಸುಮ್ನೆ ಹೊರಡು ಬಾಲ" ಅಂದವಳು ನೀನೇ. ಆದ್ರೂ ಬಂದವಳು ನಾನು ತಾನೇ?

ಇಲ್ಲಿ ನಮ್ಮ ಬಿಲ್ಡಿಂಗ್ ಲಿಫ್ಟ್ ಮತ್ತೆ ಎರಡು ಮಹಡಿ ನಡುವೆ ನಿಲ್ಲೋಕೆ ಶುರು ಮಾಡಿದೆ. ನೀನು ಕೆಲಸ ಮಾಡೋ ಲಿಫ್ಟ್ ಕಂಪನಿಯಿಂದ ಒಬ್ಬರು ಬಂದಿದ್ರು, ಬಿಚ್ಚಿದ್ರು, ಮುಚ್ಚಿದ್ರು. ಕೊನೆಗೆ "ಮೇಡಂ ಬಂದು ಒಂದ್ಸಲ ಕಿವಿ ಇಡಲಿ ಬಿಡಿ" ಅಂದು ಹೊರಟುಹೋದ್ರು.

ನೆನಪಿದ್ಯಾ, ನೀನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನ ತಾರಸಿ ಮೇಲಿನ ಲಿಫ್ಟ್ ಮೋಟರ್ ರೂಮಿಗೆ ಕರ್ಕೊಂಡು ಹೋಗಿದ್ದು? ಸ್ಕ್ರೂಡ್ರೈವರ್ ತುದಿ ಮೋಟರ್‌ಗೆ ಒತ್ತಿ, ಹಿಡಿ ನನ್ನ ಕಿವಿಗೆ ಇಟ್ಟೆ. "ಕೇಳಿಸ್ತಾ? ಬೇರಿಂಗ್ ಅಳ್ತಾ ಇದೆ." ನನಗೆ ಬರೀ ಗರ್‌ರ್ ಅಂತ ಕೇಳಿಸ್ತು. "ನೀವು ಸೂಪರ್" ಅಂದೆ. "ನೀವು ಗೀವು ಅಂದ್ರೆ ಇಲ್ಲೇ ಬೀಗ ಹಾಕ್ತೀನಿ" ಅಂದೆ ನೀನು. ಆವತ್ತಿಂದ ನಾನು ನಿನ್ನ ಫ್ಯಾನು. ಹಿಂದೆ ಹಿಂದೆ ಸುತ್ತಿ ಸುತ್ತಿ ಬಾಲ ಅಂತ ಹೆಸರು ಬೇರೆ ಬಂತು.

ಆ ಕಿವಿಗೇ ನಾನು ಕೈ ಹಾಕಿದ್ದು.

ಸ್ಕೂಬಾ ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದ್ದು ನನಗೆ. ಒಬ್ಬಳನ್ನೇ ಕಳಿಸಲ್ಲ ಅಂತ ಅಮ್ಮ ಹಟ ಹಿಡಿದಾಗ, ಬಕೆಟ್ ನೀರಿಗೆ ಮುಖ ಅದ್ದೋಕೂ ಹೆದರೋ ನೀನು ರಜೆ ಹಾಕಿ ಹೊರಟೆ. "ದಿನಾ ಮೇಲೆ ಕೆಳಗೆ ಹೋಗೋದೇ ನನ್ನ ಕೆಲಸ, ಇದೇನು ಮಹಾ" ಅಂತ ಜೋಕ್ ಬೇರೆ. ಸಮುದ್ರಕ್ಕೆ ಇಳಿಯೋ ದಿನ ಬೆಳಿಗ್ಗೆ ನಿನಗೆ ನೆಗಡಿ. ನೆಗಡಿ ಇದ್ರೆ ಇಳೀಬೇಡಿ, ಕಿವಿಯೊಳಗಿನ ಗಾಳಿ ದಾರಿ ಕಟ್ಟಿರುತ್ತೆ ಅಂತ ಡೈವಿಂಗ್ ಕಲಿಸೋ ಆ ಗಡ್ಡದ ಮೇಷ್ಟ್ರು ಹೇಳಿದ್ರು. ನಾನೇ ಮಾತ್ರೆ ಕೊಟ್ಟು "ನುಂಗು, ಏನೂ ಆಗಲ್ಲ" ಅಂದೆ. ಮೇಷ್ಟ್ರು ಕೇಳಿದಾಗ ನಿನಗಿಂತ ಮುಂಚೆ ನಾನೇ "ಆರಾಮಾಗಿದ್ದಾಳೆ" ಅಂದೆ. ಇದನ್ನ ಇಲ್ಲಿ ಯಾರಿಗೂ ಹೇಳಿಲ್ಲ.

ಮನೇಲಿ ದಿನಾ ಒಂದೇ ರಾಗ. ಅಣ್ಣ: "ನೀರು ಕಂಡ್ರೆ ಆಗದವಳಿಗೆ ಸಮುದ್ರ ಯಾಕೆ ಬೇಕಿತ್ತು?" ಅಮ್ಮ: "ಸಣ್ಣೋಳ ಸರಿಸಮ ಕುಣಿಯೋಕೆ ಹೋದ್ಲು." ನಾನು ತಟ್ಟೆ ಕೆರೀತಾ ಕೂತಿರ್ತೀನಿ. ಆಮೇಲೆ ಅಮ್ಮಾನೇ ನನಗೆ ಇನ್ನೊಂದು ಸೌಟು ಬಡಿಸಿ "ನೀನು ಸೊರಗಬೇಡ, ನಿನ್ನ ತಪ್ಪೇನಿದೆ" ಅಂತಾಳೆ.

ಮೊನ್ನೆ ನೀನು ಫೋನ್ ಮಾಡಿದಾಗ ಅಣ್ಣ ಸ್ಪೀಕರ್ ಹಾಕಿದ್ದ. ನೀನಂದೆ: "ನೀರೊಳಗೆ ನಾನೇ ಸನ್ನೆ ಸರಿಯಾಗಿ ಮಾಡ್ಲಿಲ್ಲ ಅನ್ಸುತ್ತೆ ರೀ. ಗಾಬರೀಲಿ ಕೈ ಹೇಗೆ ಆಡಿಸಿದ್ನೋ ಏನೋ. ಪಾಪ, ಅವಳಿಗೆ ಹೇಗೆ ಅರ್ಥ ಆಗುತ್ತೆ?" ಅಣ್ಣ ನನ್ನ ಕಡೆ ನೋಡಿದ. ನಾನು ಲೋಟ ಎತ್ತಿ ನೀರು ಕುಡಿದೆ. ಲೋಟದಲ್ಲಿ ನೀರೇ ಇರಲಿಲ್ಲ.

ನೀನು ಸನ್ನೆ ತಪ್ಪೋದಾ? ಸಮುದ್ರಕ್ಕೆ ಮುಂಚೆ ಈಜುಕೊಳದಲ್ಲಿ ಕಲಿಯುವಾಗ ತಪ್ಪಿದ್ದು ನಾನು. ಚಾಟ್ ಚಾಳಿ ನೋಡು, ಎಲ್ಲದಕ್ಕೂ ಹೆಬ್ಬೆರಳು ಎತ್ತೋದು. ನೀರೊಳಗೆ ಹಾಗೆ ಮಾಡಿದ್ರೆ ಮೇಲಕ್ಕೆ ಹೋಗೋಣ ಅಂತ. ಮೇಷ್ಟ್ರು ನನ್ನ ಮೇಲಕ್ಕೆ ಎಳೆದೂ ಎಳೆದೂ ಸುಸ್ತಾದ್ರು. ನೀನೋ, ಊಟದ ಮೇಜಲ್ಲೂ ಸನ್ನೇಲೇ ಮಾತಾಡಿದವಳು. ಅಣ್ಣನ ಫೋನ್ ಬಂದ್ರೆ ಅಂಗೈ ಮಗುಚಿ ಅಲ್ಲಾಡಿಸೋದು, "ಏನೋ ತೊಂದರೆ ಇದೆ" ಅಂತ. ನಗು ತಡೀಲಾರದೆ ನಾನು ಅನ್ನ ಉಗುಳಿದ್ದೆ!

ಮೇಷ್ಟ್ರು ಹೇಳಿದ ಇನ್ನೊಂದು ಮಾತನ್ನೂ ನೀನು ಬಾಯಿಪಾಠ ಮಾಡಿದ್ದೆ. ಜೋಡಿ ಮೇಲೆ ಹೋದ್ರೆ ನೀನೂ ಮೇಲೆ. ಜೊತೆಗೆ ಇಳಿದ ಜೋಡೀನ ನೀರಲ್ಲಿ ಒಂಟಿಯಾಗಿ ಬಿಡಬೇಡ. ಮೇಷ್ಟ್ರು ಯಾರದ್ದೋ ಡೈವಿಂಗ್ ಕನ್ನಡಕದೊಳಗೆ ನುಗ್ಗಿದ ನೀರು ತೆಗೆಸ್ತಾ ಇದ್ದಾಗ, ನಾನು ಇಳಿಯೋಕೆ ಹಿಡಿದಿದ್ದ ಹಗ್ಗ ಬಿಟ್ಟು ಆಮೆ ಹಿಂದೆ ಇಳಿದುಹೋದೆ. ನಿನ್ನ ಕಿವಿ ಆಗಲೇ ನೋಯ್ತಾ ಇತ್ತು. ನೀನು ಸುಮ್ನೆ ಮೇಲೆ ಹೋಗಬಹುದಿತ್ತು. ಬಾಲ ಒಂಟಿಯಾಗ್ತಾಳೆ ಅಂತ ನನ್ನ ಹಿಂದೆ ಇನ್ನೂ ಕೆಳಗೆ ಬಂದೆ. ಕಿವಿ ಹರಿದಿದ್ದು ಅಲ್ಲಿ.

ಆ ಆಮೆ ವಿಡಿಯೋಗೆ ಎಷ್ಟು ಲೈಕು ಅಂತ ಕೇಳಬೇಡ. ಕ್ಲಾಸಲ್ಲಿ ನಾನೇ ಸ್ಟಾರ್.

ಇರಲಿ. ಔಷಧಿ ಬಿಡಬೇಡ, ಕಿವಿಗೆ ನೀರು ಸೋಕಿಸಬೇಡ, ಜೋರಾಗಿ ಸೀನಬೇಡ. ನಿನ್ನ ಸ್ಕ್ರೂಡ್ರೈವರ್ ಒರೆಸಿ ನನ್ನ ಮೇಜಿನ ಮೇಲೆ ಇಟ್ಟಿದ್ದೀನಿ. ಅಮ್ಮ ಬೈಗುಳದ ಜೊತೆ ಆಶೀರ್ವಾದಾನೂ ಹೇಳಿದ್ದಾಳೆ. ಎರಡೂ ಕಿವಿ ತುಂಬ ಲೋಕ ಕೇಳೋ ಹಾಗಾಗಲಿ ನಿನಗೆ.

ನಿನ್ನ
ಬಾಲ

ತಾ.ಕ.: ಎಲ್ಲರೂ ನೋಡ್ತಿರೋ ವಿಡಿಯೋ ನಾನು ಕತ್ತರಿಸಿ ಹಾಕಿದ್ದು. ಪೂರ್ತಿ ವಿಡಿಯೋದಲ್ಲಿ ನೀನಿದ್ದೀಯ. ಮೊದಲು ಕಿವಿ ತೋರಿಸ್ತೀಯ, ಆಮೇಲೆ ಅಂಗೈ ಮಗುಚಿ ಅಲ್ಲಾಡಿಸ್ತೀಯ. ಊಟದ ಮೇಜಲ್ಲಿ ಮಾಡ್ತಿದ್ದ ಹಾಗೇ, ಅಷ್ಟೇ ಅಚ್ಚುಕಟ್ಟಾಗಿ. ಕ್ಯಾಮೆರಾ ನಿನ್ನ ಕಡೆ ತಿರುಗಿ ನಿಲ್ಲುತ್ತೆ. ಆಮೇಲೆ ಮತ್ತೆ ಆಮೆ ಕಡೆ ಹೋಗುತ್ತೆ. ಆ ಕ್ಯಾಮೆರಾ ಇದ್ದಿದ್ದು ನನ್ನ ಕೈಲಿ. ನಾನು ನೋಡಿದೆ ಅತ್ತಿಗೆ. ಅರ್ಥಾನೂ ಆಯ್ತು. ಇನ್ನೊಂದು ಚೂರು ಸಿಗಲಿ, ಆಮೇಲೆ ಹೋಗೋಣ ಅನ್ಕೊಂಡೆ. ಈ ಕವರ್ ನೀನು ಒಡೆಯೋ ಹೊತ್ತಿಗೆ ಪೂರ್ತಿ ವಿಡಿಯೋ ಮನೆ ಗ್ರೂಪಲ್ಲಿ ಇರುತ್ತೆ. ಅಣ್ಣ ವಿಮಾನ ಇಳಿದು ನೋಡ್ಕೊಳ್ಳಲಿ.

ಆದ್ರೆ ನನಗೆ ನಿದ್ದೆ ಕೆಡಿಸ್ತಿರೋದು ಬೇರೆ. ಮೋಟರ್ ಒಳಗೆ ಬೇರಿಂಗ್ ಅಳೋದನ್ನ ಕೇಳಿಸ್ಕೊಳ್ಳೋಳು ನೀನು. ಹಾರ್ಟು ಗೀರ್ಟು ಒತ್ತಿ ತಪ್ಪಿಸ್ಕೋಬೇಡ, ಧೈರ್ಯ ಇದ್ರೆ ಪೇಪರ್ ಮೇಲೆ ಬರೆದು ಕಳಿಸು: ನಾನು ನೋಡಿದ್ದು ನಿನಗೆ ಆವತ್ತೇ ಗೊತ್ತಿತ್ತು, ಅಲ್ವಾ?